ಟ್ಯಾಬಿನ ಒಂದು ಟಿಕ್

ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಬಂದವನು ವಿಶ್ರಾಂತಿಗೆಂದು ಮನೆಯ ಕಂಪ್ಯೂಟರಿನ ಮುಂದೆ ಕೂರುತ್ತಾನೆ ಎಂದರೆ ನೀವು ನಗಬಹುದು. ನಕ್ಕುಬಿಡಿ, ನನಗಂತೂ ನಗುವಷ್ಟು ತ್ರಾಣ ಉಳಿದಿರುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು ನನ್ನ ಕೆಲಸ. ಸಂಜೆ ತುಮಕೂರು ರಸ್ತೆಯ ಟ್ರಾಫಿಕ್ಕಿಗೆ ಅರ್ಧ ಜೀವ ಕೊಟ್ಟು, ಉಳಿದದ್ದನ್ನು ಮಾಕಳಿಯ ಬಾಡಿಗೆ ಮನೆಗೆ ತಂದು, ಗಿಟಾರಿನ ಟ್ಯಾಬ್ ಬರೆಯುವ ಸಾಫ್ಟ್‌ವೇರ್ ತೆರೆಯುತ್ತೇನೆ.

ಟ್ಯಾಬ್ ಎಂದರೆ ಸಂಗೀತದ ಲಿಪಿ ಓದಲು ಬಾರದವರ ಊರುಗೋಲು. ಗಿಟಾರಿಗೆ ಆರು ತಂತಿ, ಹಾಳೆಯ ಮೇಲೆ ಆರು ಗೆರೆ. ಯಾವ ತಂತಿಯನ್ನು ಗಿಟಾರಿನ ಕತ್ತಿನ ಎಷ್ಟನೆಯ ಮೆಟ್ಟಿಲಲ್ಲಿ, ಅಂದರೆ ಫ್ರೆಟ್ಟಿನಲ್ಲಿ, ಒತ್ತಬೇಕೋ ಆ ಅಂಕಿ ಆ ಗೆರೆಯ ಮೇಲಿರುತ್ತದೆ. ಇಷ್ಟು ಸುಲಭವಾದದ್ದನ್ನು ನೋಡಿಕೊಂಡು ಬಾರಿಸಲೂ ನನ್ನ ಬೆರಳು ಒಪ್ಪಲಿಲ್ಲ. ಬಾರಿಸಲು ಬಾರದವನು ಏನು ಮಾಡುತ್ತಾನೆ? ಸೆಟಿಂಗ್ ಸರಿಮಾಡುತ್ತಾನೆ. ಅಂಕಿ ಚಿಕ್ಕದಾಯಿತೆಂದು ದೊಡ್ಡದು ಮಾಡಿದೆ. ದೊಡ್ಡದಾದ ಮೇಲೆ ಹಾಡು ಪರದೆಯಿಂದಾಚೆ ಹೋಯಿತೆಂದು ಮತ್ತೆ ಚಿಕ್ಕದು ಮಾಡಿದೆ. ಗೆರೆಗಳ ನಡುವಿನ ಅಂತರ ಹಿಗ್ಗಿಸಿದೆ, ಹಿನ್ನೆಲೆಗೆ ಹಳದಿ ಬಳಿದೆ, ಕಣ್ಣುರಿ ಬಂತೆಂದು ಅದನ್ನು ಅಳಿಸಿದೆ. ಹೀಗೆ ತಿಂಗಳುಗಟ್ಟಲೆ ಸಂಗೀತಾಭ್ಯಾಸ ನಡೆಯಿತು.

ಇದರ ನಡುವೆ ನಮ್ಮ ಲೇಔಟಿನ ರಾಜ್ಯೋತ್ಸವ ಬಂತು. ನನ್ನ ಹೆಂಡತಿ ಸುಮಿತ್ರಾ ಹಿಂದೆ ಚೆನ್ನಾಗಿ ಹಾಡುತ್ತಿದ್ದಳು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದ ಮೇಲೆ ಬಚ್ಚಲಲ್ಲೂ ಹಾಡಿದ್ದಿಲ್ಲ. ದಿನವೆಲ್ಲ ಯಾರದೋ ಅಂಗಿಯ ಹೊಲಿಗೆಯಲ್ಲಿ ತಪ್ಪು ಹುಡುಕಿ ಬಂದವಳಿಗೆ ಬಾಯಿ ತೆರೆಯಲೂ ಬೇಸರ. ಬಹಳ ಕಾಡಿದ ಮೇಲೆ ಒಂದು ಭಾವಗೀತೆ ಹಾಡಲು ಒಪ್ಪಿದಳು. ನನಗಾದ ಸಂತೋಷವನ್ನು ಅವಳಿಗೆ ತೋರಿಸಲಿಲ್ಲ. ತೋರಿಸಿದ್ದರೆ ಹೆದರಿ ಹಿಂದೆಗೆಯುತ್ತಿದ್ದಳು. ಕೆಳಗಿನ ಮನೆಯ ಡೇವಿಡ್ ಆಗಷ್ಟೇ ಗಿಟಾರ್ ಕ್ಲಾಸಿಗೆ ಸೇರಿದ್ದ. ಅವನು ಬಾರಿಸುವುದು, ನಾನು ಟ್ಯಾಬ್ ಬರೆದು ಕೊಡುವುದು ಎಂದಾಯಿತು.

ಬರೆದೆ. ಕಂಪ್ಯೂಟರ್ ಅದನ್ನು ಬಾರಿಸಿ ತೋರಿಸಿದಾಗ ಕಿವಿಗೆ ಹಿತವಾಗಿಯೇ ಇತ್ತು. ಪ್ರಿಂಟ್ ತೆಗೆದು ಡೇವಿಡ್‌ಗೆ ಕೊಟ್ಟೆ. ಭಾನುವಾರ ನಮ್ಮ ಹಾಲಿನಲ್ಲಿ ಅಭ್ಯಾಸಕ್ಕೆ ಕೂತೆವು. ಅವನು ಶುರು ಮಾಡಿದ, ಇವಳು ದನಿ ಎತ್ತಿದಳು. ಎರಡೂ ಒಂದಕ್ಕೊಂದು ಬೆನ್ನು ಹಾಕಿ ನಡೆದವು. ಇನ್ನೊಮ್ಮೆ ಪ್ರಯತ್ನಿಸಿದಾಗ ಇನ್ನಷ್ಟು ಕೆಟ್ಟಿತು.

"ಹಾಳೇಲಿ ಇರೋದನ್ನೇ ಬಾರಿಸ್ತಿದೀನಿ ಅಣ್ಣ" ಎಂದ ಡೇವಿಡ್, ಪಾಪ.

"ಅವರದ್ದೇನಿಲ್ಲ ಬಿಡಿ, ನನ್ನ ಶ್ರುತಿನೇ ಹೋಗಿದೆ" ಎಂದಳು ಸುಮಿತ್ರಾ. "ಎಷ್ಟು ವರ್ಷ ಆಯ್ತು. ನಾನು ಹಾಡಲ್ಲ ರೀ, ಹೆಸರು ತೆಗೆಸ್ಬಿಡಿ." ಎದ್ದು ಹೋಗಿ ಅಕ್ಕಿ ತೊಳೆಯತೊಡಗಿದಳು. ಅವಳ ಮುಖದಲ್ಲಿ ದುಃಖವೂ ಇರಲಿಲ್ಲ, ಮೊದಲೇ ಗೊತ್ತಿತ್ತು ಎಂಬಂತಿತ್ತು. ಅದನ್ನು ನೋಡಿ ನನಗೆ ಸಂಕಟವಾಯಿತು.

ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಡಿಸ್‌ಪ್ಲೇ ಮೆನುವಿನ ಒಂದು ಮೂಲೆಯಲ್ಲಿ ನಾನೇ ಎಂದೋ ಹಾಕಿದ ಟಿಕ್ ಕಂಡಿತು. ಟ್ಯಾಬಿನಲ್ಲಿ ಸಣ್ಣ ತಂತಿಯ ಗೆರೆ ಮೇಲಿರುವುದು ವಾಡಿಕೆ. ಗಿಟಾರನ್ನು ತೊಡೆಯ ಮೇಲಿಟ್ಟು ಬಗ್ಗಿ ನೋಡಿದರೆ ದಪ್ಪ ತಂತಿ ಮೇಲೆ ಕಾಣುತ್ತದಲ್ಲ, ಅದಕ್ಕೆ ಹೊಂದಲೆಂದು ಗೆರೆಗಳನ್ನು ತಿರುವುಮುರುವು ಮಾಡಿದ್ದೆ. ಕಂಪ್ಯೂಟರಿಗೆ ಅದರಿಂದ ಏನೂ ಆಗದು, ಗೆರೆ ಹೇಗೆ ಕಂಡರೂ ಅದು ಸರಿಯಾದ ತಂತಿಯನ್ನೇ ಬಾರಿಸುತ್ತದೆ. ಡೇವಿಡ್ ಮಾತ್ರ ಹಾಳೆಯನ್ನು ವಾಡಿಕೆಯಂತೆ ಓದಿ ಸಣ್ಣ ತಂತಿಯ ಕೆಲಸವನ್ನು ದಪ್ಪ ತಂತಿಯ ಮೇಲೆ ಮಾಡುತ್ತಿದ್ದ.

ನಕ್ಷೆ ಬರೆಯುವವನು ಮಾಡಬಾರದ ತಪ್ಪಿದು. ನಮ್ಮಲ್ಲಿ ವಸ್ತುವನ್ನು ಮೇಲಿನಿಂದ ನೋಡಿದ ಚಿತ್ರವನ್ನು ಒಂದು ಪದ್ಧತಿಯವರು ಮುಂಭಾಗದ ಚಿತ್ರದ ಕೆಳಗೆ ಬರೆಯುತ್ತಾರೆ, ಇನ್ನೊಂದು ಪದ್ಧತಿಯವರು ಮೇಲೆ. ಯಾವ ಪದ್ಧತಿ ಎಂಬ ಗುರುತು ಹಾಳೆಯ ಮೂಲೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಎಡಗಡೆಯ ತೂತು ಬಲಗಡೆ ಬಿದ್ದು ಕಬ್ಬಿಣವೆಲ್ಲ ಗುಜರಿಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಈ ಪಾಠ ಹೇಳುವವನು ನಾನೇ.

"ತಪ್ಪು ನಿನ್ನದಲ್ಲ ಕಣೇ, ನಾನು ಹಾಕಿದ ಟಿಕ್‌ನದ್ದು" ಎಂದೆ.

"ಸಮಾಧಾನಕ್ಕೆ ಏನೇನೋ ಹೇಳ್ಬೇಡಿ."

ಟಿಕ್ ತೆಗೆದು, ಹೊಸ ಪ್ರಿಂಟ್ ಕೊಟ್ಟು ಡೇವಿಡ್‌ನನ್ನು ಮತ್ತೆ ಕೂರಿಸಿದೆ. ಅವನು ತಡವರಿಸುತ್ತ ಬಾರಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಸುಮಿತ್ರಾ ಮೊದಲು ತುಟಿಯಷ್ಟೇ ಆಡಿಸಿದಳು. ಎರಡನೆಯ ಚರಣಕ್ಕೆ ದನಿ ಬಂತು. ಕೊನೆಯವರೆಗೂ ಹಾಡಿದಳು, ಎಲ್ಲೂ ಶ್ರುತಿ ತಪ್ಪಲಿಲ್ಲ. ನನ್ನ ಕಣ್ಣು ಒದ್ದೆಯಾದ ತಪ್ಪನ್ನು ಪರದೆಯ ಬೆಳಕಿನ ಮೇಲೆ ಹಾಕಿದೆ.

ನಗುತ್ತಾಳೆಂದುಕೊಂಡಿದ್ದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಈ ಮನೇಲಿ ಏನು ಕೆಟ್ರೂ ತಪ್ಪು ನಂದೇ ಅಂದ್ಕೊಂಡ್ಬಿಡ್ತೀನಿ ನಾನು" ಎಂದಳು. "ಇನ್ನೂ ಎಲ್ಲೆಲ್ಲಿ ಟಿಕ್ ಹಾಕಿ ಮರ್ತಿದೀರೋ, ಒಂದ್ಸಲ ನೋಡ್ಬಿಡಿ."

ನೋಡುತ್ತಿದ್ದೇನೆ. ಸಾಫ್ಟ್‌ವೇರಿನಲ್ಲಾದರೆ ಅದಕ್ಕೊಂದು ಮೆನು ಇದೆ. ಮನೆಯಲ್ಲಿ ಅವಳನ್ನೇ ಕೇಳಬೇಕು.