ವೈಜನಾಥ ಕಟ್ಟಿದ ಕೊನೆಯ ವಾಲ್ವ್ ಪೆಟ್ಟಿಗೆ

ನಿಲಂಗಾ ಬಸ್ ಸ್ಟ್ಯಾಂಡಿನ ಎದುರಿಗೆ ವೈಜನಾಥನ ರೇಡಿಯೋ ಅಂಗಡಿ. ಹೆಸರಿಗೆ ರೇಡಿಯೋ, ಈಗ ಬರುವುದೆಲ್ಲ ಮಿಕ್ಸರ್ ಮತ್ತು ಪಂಪ್‌ಸೆಟ್ಟಿನ ಸ್ಟಾರ್ಟರ್. ವಯಸ್ಸು ಅರವತ್ತಾರು. ಕರೆಂಟ್ ಇರುವ ಪೆಟ್ಟಿಗೆಗೆ ಬಲಗೈ ಹಾಕುವಾಗ ಎಡಗೈ ಬೆನ್ನ ಹಿಂದಿರುತ್ತದೆ, ಶಾಕ್ ಹೊಡೆದರೂ ಎದೆಯನ್ನು ಹಾಯಬಾರದೆಂದು. ಅಳೆದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ, ಗಿರಾಕಿಗೆ ಮುಖದ ಮೇಲೆ ಹೇಳುತ್ತಾನೆ. ಒಂದು ಸಲ ಮಾತ್ರ ಹೇಳಲಿಲ್ಲ.

ಕಳೆದ ಮಾಘದಲ್ಲಿ ದಾಳಿಂಬ ಎಂಬ ಹಳ್ಳಿಯ ಉಮಾಕಾಂತ ಒಂದು ಮರದ ಪೆಟ್ಟಿಗೆ ಹೊತ್ತು ಬಂದ. ಕುರಿ ಸಾಕುವ ಮನೆತನದವನು. ಗುಂಡಿ ಒತ್ತಿ ತಂತಿ ಮೀಟುವ ಬ್ಯಾಂಜೊವನ್ನು ಮೂವತ್ತು ವರ್ಷ ಮದುವೆಗಳಲ್ಲಿ ಬಾರಿಸಿದವನು. ಪೆಟ್ಟಿಗೆ, ಸೋಲಾಪುರದ ಮುಚ್ಚಿಹೋದ ಆರ್ಕೆಸ್ಟ್ರಾವೊಂದರಿಂದ ಅವನು ಬ್ಯಾಂಜೊಗೆಂದು ಕೊಂಡಿದ್ದ ಗಿಟಾರ್ ಆಂಪ್ಲಿಫೈಯರ್. ಇಬ್ಬರ ಗೆಳೆತನ ಶುರುವಾದದ್ದೇ ಅದರ ರಿಪೇರಿಯಿಂದ. ಎಂಟು ವರ್ಷದ ಹಿಂದೆ ಉಮಾಕಾಂತನ ಮಗ ಶ್ರೀಮಂತ ಅದರೊಳಗಿನ ಗಾಜಿನ ವಾಲ್ವು, ಟ್ರಾನ್ಸ್‌ಫಾರ್ಮರ್ ಎಲ್ಲ ಕಿತ್ತು ಗುಜರಿಗೆ ಹಾಕಿ, ತನ್ನ ಡಿಜೆಯ ಬೋರ್ಡ್ ಕೂಡಿಸಿದ. ಅಂದಿನಿಂದ ಉಮಾಕಾಂತನ ಕೆಲಸ ಡಿಜೆ ಗಾಡಿಯ ಮೇಲೆ, ಸ್ಪೀಕರುಗಳ ಪಕ್ಕ ಕೂತು ಜನರೇಟರ್ ಕಾಯುವುದು. ಆಮೇಲೆ ಆ ಬೋರ್ಡೂ ಸುಟ್ಟುಹೋಯಿತು.

ವೈಜನಾಥ ಹಿಂದಿನ ಹಲಗೆ ಬಿಚ್ಚಿದ. "ಒಳಗ ಏನೂ ಇಲ್ಲಲ್ಲೋ ಉಮ್ಯಾ. ಇಲಿ ಸಂಸಾರ ಮಾಡ್ಯಾವ."

"ಜಾಗಾ ಖಾಲಿ ಮಾಡ್ರಿ ಅಂತ ಹೇಳು ಅವಕ್ಕ. ವೈಶಾಖದಾಗ ನಮ್ ಶೀತಲನ ಲಗ್ನ ಅದ. ಅಪ್ಪನ ಡಿಜೆ ಬ್ಯಾಡ, ಅಜ್ಜನೇ ಬಾರಸಬೇಕು ಅಂದಾಳ ಮೊಮ್ಮಗಳು. ಅದೊಂದು ಬಾರಿಸಿ ಬಿಡ್ತೀನಿ, ವೈಜಣ್ಣ."

ಮೊದಲಿನ ದಪ್ಪ ವಾಲ್ವುಗಳು ಎಲ್ಲೂ ಸಿಗಲಿಲ್ಲ. ಅಟ್ಟದ ಮೇಲಿನ ಸತ್ತ ರೇಡಿಯೋಗಳಿಂದ ಸಣ್ಣ ವಾಲ್ವು ಕಿತ್ತು, ಅವಕ್ಕೆ ಒಗ್ಗುವ ಹೊಸ ಸರ್ಕಿಟ್ ಬರೆದ. ಟ್ರಾನ್ಸ್‌ಫಾರ್ಮರನ್ನು ಉದಗೀರದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಎದುರಿಗೇ ಕೂತು ಸುತ್ತಿಸಿದ. ಎಣಿಕೆ ತಪ್ಪಿತೆಂದು ಎರಡು ಸಲ ಬಿಚ್ಚಿಸಿದ. ಮೂರನೆಯ ಸಲ ಆ ಅಂಗಡಿಯವನು, "ಕಾಕಾ, ನೀವೇ ಸುತ್ತರಿ, ನಾ ಚಾ ಕುಡದು ಬರ್ತೀನಿ" ಎಂದು ಎದ್ದುಹೋದ.

ಚೈತ್ರದಲ್ಲಿ ಪೆಟ್ಟಿಗೆ ಮಾತಾಡಿತು. ವಾಲ್ವಿನ ಪ್ಲೇಟಿನ ಮೇಲೆ 292 ವೋಲ್ಟ್, ಗುಂಯ್‌ಗುಡುವಿಕೆ ಇಲ್ಲ. ಉಮಾಕಾಂತ ಬಾರಿಸಿ ನೋಡಿ ಮುಖ ಸಣ್ಣ ಮಾಡಿದ. "ಸ್ವರ ಅದ, ಕಳೆ ಇಲ್ಲ. ಕಂಬಳಿ ಹೊಚ್ಚಿ ಬಾರಿಸಿದಂಗ ಅದ. ನಿನ್ ಕೈ ಹೋಗ್ಯಾದ ವೈಜಣ್ಣ."

ವೈಜನಾಥ ಕೆಪಾಸಿಟರ್ ಬದಲಿಸಿದ. ಮರುವಾರ ಮತ್ತೆ ಬದಲಿಸಿದ. ಕಂಬಳಿ ಸರಿಯಲಿಲ್ಲ. ಕೊನೆಗೆ ಮೊಬೈಲಿನಿಂದ ಒಂದೇ ಸ್ವರವನ್ನು ಪೆಟ್ಟಿಗೆಗೆ ಕೊಟ್ಟು ಮೆಲ್ಲಗೆ ಏರಿಸುತ್ತ ಹೋದ. ಒಂದು ಸಾವಿರ ಹರ್ಟ್ಜ್. ಎರಡು ಸಾವಿರ. ಮೂರು ಸಾವಿರ ದಾಟುತ್ತಲೇ ಉಮಾಕಾಂತ ಕೇಳಿದ: "ಯಾಕ ಬಂದ್ ಮಾಡ್ದಿ?"

ಸ್ಪೀಕರ್ ಕಿರುಚುತ್ತಿತ್ತು. ಹಿಂದಿನ ಮನೆಯಿಂದ ಹೆಂಡತಿ ಅನುಸೂಯಾಬಾಯಿ ಕೂಗಿದಳು: "ಅದನ್ನ ಮೊದಲು ಬಂದ್ ಮಾಡ್ರೀ, ತಲಿ ಒಡದು ಹೋಗ್ತದ."

ವೈಜನಾಥ ಬಂದ್ ಮಾಡಿದ. ಆ ದಿನದ ಪುಟದಲ್ಲಿ ವೋಲ್ಟೇಜುಗಳನ್ನೆಲ್ಲ ಬರೆದು ಉಮಾಕಾಂತನಿಗೆ ಕೇಳಿಸುವುದು ನಿಂತ ಅಂಕಿಗೆ ಮಾತ್ರ ಜಾಗ ಬಿಟ್ಟ. ಒಂದು ವಾಲ್ವಿನಲ್ಲಿ ಅರ್ಧ ಭಾಗ ಖಾಲಿ ಉಳಿದಿತ್ತು. ಅದರಿಂದ ಮೇಲಿನ ಸ್ವರಗಳನ್ನಷ್ಟೇ ಎತ್ತುವ ಒಂದು ಹಂತ ಕಟ್ಟಿದ. ಮರುವಾರ ಉಮಾಕಾಂತ ಬಾರಿಸಿ ಕಣ್ಣು ತುಂಬಿಕೊಂಡ. "ಈಗ ಬಂತು ನೋಡು." ವೈಜನಾಥನಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ತಲೆಯಾಡಿಸಿದ.

ದಾಳಿಂಬದ ಮಂಟಪದಲ್ಲಿ ಅಕ್ಷತೆ ಬಿದ್ದ ಮೇಲೆ ಉಮಾಕಾಂತ ಹೊಸ ರುಮಾಲು ಸುತ್ತಿ ಕೂತ. ಕಣ್ಣು ಮುಚ್ಚಿ ಬಾರಿಸಿದ. ಬೆರಳು ಒಂದೂ ತಪ್ಪಲಿಲ್ಲ. ಆದರೆ ಹೆಂಗಸರು ಸೆರಗನ್ನು ಕಿವಿಗೆ ಒತ್ತಿಕೊಂಡರು, ತೊಟ್ಟಿಲ ಕೂಸು ಅಳತೊಡಗಿತು. "ಅಜ್ಜಾ, ಬ್ಯಾಂಜೊ ತಂದೀಯೋ ಗರಗಸ ತಂದೀಯೋ?" ಎಂದ ಒಬ್ಬ. ಊಟದ ಪಂಕ್ತಿಯೆಲ್ಲ ನಕ್ಕಿತು. ಶ್ರೀಮಂತ ಬಂದು ಪ್ಲಗ್ ಕಿತ್ತ. ಸ್ವರ ನಿಂತದ್ದಕ್ಕೆ ಉಮಾಕಾಂತ ಕಣ್ಣು ತೆರೆದ. ಮೊದಲು ಕಂಡದ್ದು ಶೀತಲ. ಮೆಹಂದಿಯ ಎರಡೂ ಕೈ ಕಿವಿಯ ಮೇಲಿದ್ದವು.

ಮೂರನೆಯ ದಿನ ಉಮಾಕಾಂತ ಪೆಟ್ಟಿಗೆಯನ್ನು ಅಂಗಡಿಗೆ ತಂದಿಟ್ಟ.

"ಎಲ್ಲಾರ ಕಿವಿ ಕೆಟ್ಟಾವೋ, ನಂದೊಂದೇ ಕೆಟ್ಟದೋ?"

"ನಿಂದು."

"ಯಾವಾಗ ಗೊತ್ತಾತು ನಿನಗ?"

"ಚೈತ್ರದಾಗ. ನಿನ್ ಖುಷಿ ಮುರಿಬಾರದು ಅಂತ..."

ಉಮಾಕಾಂತ ಪೆಟ್ಟಿಗೆಯನ್ನು ಅವನ ಕಡೆ ಸರಿಸಿದ. "ಆವಾಗ ಹೇಳಿದ್ರ ಇಲ್ಲೇ ಅಂಗಡಿಯೊಳಗ ಅತ್ತು ಹೋಗ್ತಿದ್ದೆ. ನೀ ನನ್ನ ಮಂಟಪದಾಗ ಕೂಡಿಸಿದಿ."

ಅನುಸೂಯಾಬಾಯಿ ತಂದ ಚಹಾ ಮುಟ್ಟದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ವೈಜನಾಥ ಎಡಗೈ ಬೆನ್ನ ಹಿಂದಿಟ್ಟು ಮೇಲಿನ ಸ್ವರ ಎತ್ತುವ ಆ ಹಂತವನ್ನು ಕಿತ್ತುಹಾಕಿದ. ಪೆಟ್ಟಿಗೆ ಈಗ ಸರಿಯಾಗಿದೆ. ಬಾರಿಸಲು ಯಾರೂ ಬಂದಿಲ್ಲ. ಮೂರು ಸಲ ಫೋನ್ ಮಾಡಿದಾಗಲೂ ಎತ್ತಿದ್ದು ಶ್ರೀಮಂತ. "ಅಪ್ಪ ಯಾರ ಜೋಡಿನೂ ಮಾತಾಡವಲ್ಲ, ಕಾಕಾ." ನೋಟ್‌ಬುಕ್ಕಿನ ಚೈತ್ರದ ಪುಟದಲ್ಲಿ ಬಿಟ್ಟಿದ್ದ ಜಾಗದಲ್ಲಿ ವೈಜನಾಥ 3000 ಎಂದು ಬರೆದಿದ್ದಾನೆ. ಪಕ್ಕದಲ್ಲಿ ತಾರೀಖು ಚೈತ್ರದ್ದಲ್ಲ, ಬರೆದ ದಿನದ್ದು.