ತಂಗೆವ್ವನ ಅಕ್ಕಡಿ ಸಾಲು

ತಂಗೆವ್ವ ಮದುವೆಯಾಗಿ ಚಿಮ್ಮಡಕ್ಕೆ ಬಂದ ವರ್ಷ ಅತ್ತೆ ಸತ್ಯವ್ವ ಅವಳ ಕೈಗೊಂದು ಬಿದಿರಿನ ಕೊಳವೆ ಕೊಟ್ಟಳು. ಗಂಡಸರು ಕೂರಿಗೆಯಲ್ಲಿ ಜೋಳ ಬಿತ್ತುತ್ತ ಹೋದರೆ, ಹಿಂದೆ ಕೊಳವೆ ಹಿಡಿದು ನಡೆಯುವ ಹೆಂಗಸು ಮಡಿಕೆ, ಹೆಸರು, ಅಲಸಂದೆ ಕಾಳು ಬಿಡಬೇಕು. ಜೋಳದ ನಡುವಿನ ಆ ಅಕ್ಕಡಿ ಸಾಲು ಅಡುಗೆಮನೆಯದು. ಅದರ ಬೀಜ ಆರಿಸುವುದು, ಸಗಣಿ ಕುಳ್ಳಿನ ಬೂದಿ ಬೆರೆಸಿ ಗಡಿಗೆಯಲ್ಲಿಡುವುದು, ಹುಳ ಬಿದ್ದರೆ ಬೈಸಿಕೊಳ್ಳುವುದು ಎಲ್ಲ ಹೆಂಗಸರ ಪಾಲು. ಅದನ್ನು ಯಾರೂ ಒಕ್ಕಲುತನ ಎಂದು ಕರೆಯಲಿಲ್ಲ.

ಹೊಲಕ್ಕೆ ನೀರು ಬಂದ ಮೇಲೆ ಎಲ್ಲ ಕಬ್ಬಾಯಿತು. ತಂಗೆವ್ವ ಬದುವಿನ ಗುಂಟ ಒಂದಿಷ್ಟು ಬಿತ್ತಿ ಬೀಜ ಉಳಿಸಿಕೊಂಡು ಬಂದಳು. ಆಮೇಲೆ ಮೊಣಕಾಲು ನೋವು, ಸೊಸೆಯ ಬಾಣಂತನ. ಎರಡು ವರ್ಷ ಅದೂ ಆಗಲಿಲ್ಲ. ಈ ಮುಂಗಾರಿಗೆ ಹಿಡಿ ಮಡಿಕೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದಳು. ಅರ್ಧಕ್ಕೂ ಮೊಳಕೆ ಬರಲಿಲ್ಲ. ಇನ್ನೊಂದು ವರ್ಷ ಇಟ್ಟರೆ ಬೀಜ ಸಾಯುತ್ತದೆ. ಇದ್ದಬದ್ದ ಬೀಜವನ್ನೆಲ್ಲ ಬಿತ್ತಬಾರದೆಂದು ಸತ್ಯವ್ವ ಹೇಳುತ್ತಿದ್ದಳು. ತಂಗೆವ್ವ ಗಡಿಗೆ ಬರಿದು ಮಾಡಿ ಬದುವಿನ ಗುಂಟ ಬಿತ್ತಿದಳು.

“ಅಂಗಡ್ಯಾಗ ಮಡಕಿ ಸಿಗೂದಿಲ್ಲೇನ?” ಎಂದ ಗಂಡ ಲಗಮಣ್ಣ.

“ಸಿಗತಾವ. ಲಗೂನ ಬೇಯೂದಿಲ್ಲ.”

“ನಿನ್ನ ಕೈಯಾಗ ಬೇಯೂದಿಲ್ಲ ಅಂತ ಹೇಳ.”

ಸಸಿ ಗೇಣುದ್ದ ಆದಾಗ ಮಗ ಶಿವಪುತ್ರ ಕಬ್ಬಿನ ನಡುವಿನ ಅಗಲ ಎಲೆಯ ಕಳೆ ಸುಡುವ ಔಷಧಿ ಹೊಡೆಯಲು ಬಾಡಿಗೆ ಪಂಪು ತಂದ. ರೊಟ್ಟಿ ಬಡಿದು, ಎಮ್ಮೆ ಹಿಂಡಿ ಬಂದಿದ್ದ ತಂಗೆವ್ವನಿಗೆ ನೀರು ಹೊರುವ ಕೆಲಸ.

“ಗಾಳಿ ಎದ್ದೈತಿ. ಸಂಜೀಕ ಹೊಡಿ ಲೇ.”

“ಪಂಪ ಮಧ್ಯಾಹ್ನ ತಿರುಗಿ ಕೊಡಬೇಕ ಯವ್ವಾ.”

“ನನ್ನ ಸಾಲಿಗೆ ಹಾರತೈತಿ.”

“ನಿನ್ನ ಸಾಲ ಬಿಟ್ಟ ಹೊಡಿತೇನಿ ಬೇ. ನಾ ಏನ ಕುರುಡ ಅದೇನಿ?”

ಮಗ ಮಾತು ತಪ್ಪಲಿಲ್ಲ, ಬದುವಿನಿಂದ ದೂರವೇ ಹೊಡೆದ. ಗಾಳಿ ಬದುವಿನ ಕಡೆಗೇ ಬೀಸುತ್ತಿತ್ತು. ನೀರು ತರುವುದಿಲ್ಲ ಎನ್ನಬಹುದಿತ್ತು. ಅಂಥ ಮಾತು ಅವಳ ಬಾಯಲ್ಲಿ ಎಂದೂ ಬಂದಿರಲಿಲ್ಲ, ಆ ದಿನವೂ ಬರಲಿಲ್ಲ. ಕೊಡ ತುಂಬಿ ತಂದು ಪಂಪಿಗೆ ಸುರಿದಳು, ಮತ್ತೆ ಕಾಲುವೆಗೆ ಹೋದಳು.

ಮೂರ್ನಾಲ್ಕು ದಿನಕ್ಕೆ ಮಡಿಕೆ ಬಳ್ಳಿ ತಿರುಚಿಕೊಂಡಿತು. ಅಲಸಂದೆ ಎಲೆ ಮುದುಡಿತು. ವಾರ ಕಳೆಯುವಷ್ಟರಲ್ಲಿ ಎಲ್ಲ ಒಣಗಿ ನಿಂತವು. ಕಬ್ಬಿಗೆ ಏನೂ ಆಗಿರಲಿಲ್ಲ.

“ಅಲ್ಲೀ ಮಟಾ ಹೋಗತೈತಿ ಅಂತ ನನಗೇನ ಗೊತ್ತ?” ಎಂದ ಶಿವಪುತ್ರ. ಅವಳು ಹೇಳಿದ್ದಳು. ಒಣಗಿದ್ದನ್ನು ಕಿತ್ತು ಬದುವಿಗೆ ಹಾಕಿದಳು, ಎಮ್ಮೆಗೂ ಹಾಕುವಂತಿರಲಿಲ್ಲ.

ಸಂಜೆ ಹಿಪ್ಪರಗಿಯ ತಂಗಿ ನಂದಾಗೆ ಫೋನು ಮಾಡಿದಳು.

“ಮಡಕಿ ಬೀಜ ಅದಾವೇನ, ನಮ್ಮ ಅತ್ತಿ ಕೊಟ್ಟಿದ್ದು? ನಿನಗೂ ಒಂದ ಸೇರ ಕೊಟ್ಟಿದ್ನೆಲ್ಲ.”

“ಅಯ್ಯ, ಎಲ್ಲಿ ಬೀಜ ಅಕ್ಕಾ? ಅವು ಉಸಳಿ ಆಗಿ ಹೊಟ್ಟೀಗಿ ಹೋಗಿ ಎಷ್ಟ ವರ್ಷ ಆತು. ಈ ಸಲ ನಿನ್ನ ಕಡೇನ ಇಸಕೊಂಡ ಬರಬೇಕ ಅಂತಿದ್ನಿ.”

ತಂಗೆವ್ವ ಹೂಂ ಎಂದಳು. ನಂದಾ ಮೊಣಕಾಲಿನ ಬಗ್ಗೆ ಕೇಳಿದಳು, ಅದಕ್ಕೂ ಹೂಂ ಎಂದಳು. ಪಡಸಾಲೆಯಿಂದ ಲಗಮಣ್ಣ ಊಟಕ್ಕೆ ಹಾಕಲು ಕರೆದ. ಫೋನಿಟ್ಟು ತಾಟು ತೊಳೆಯಲು ಎದ್ದಳು.