ಕೊನೆಯ ಟೈಲ್ಸ್ ಕೂರಿಸದ ಮೇಸ್ತ್ರಿ

ಬೆಳಿಗ್ಗೆ ಆರೂಕಾಲು. ಶಿವಾಜಿನಗರದ ಗಲ್ಲಿಯೊಂದರ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಮುನಿನಾರಾಯಣಪ್ಪ ಮಂಡಿಯೂರಿ ಕೂತಿದ್ದಾರೆ. ಟೈಲ್ಸ್ ಸಂದಿಯ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತಾರೆ, ಎಲ್ಲೂ ತಡೆಯುವುದಿಲ್ಲ. ದಾರ ಹಿಡಿಯುತ್ತಾರೆ, ನೆಟ್ಟಗಿದೆ. ಬಾಗಿಲ ಬಳಿ ಒಂದೇ ಒಂದು ಟೈಲ್ಸ್ ಬಾಕಿ.

ಮನೆಯೊಡತಿ ಉಮ್ಮೆ ಕುಲ್ಸುಂ ಅವರಿಗೆ ಎಪ್ಪತ್ತೆರಡು. ಚಹಾ ತಂದುಕೊಟ್ಟು ನೆಲ ನೋಡುತ್ತಾರೆ. “ಏನ್ ಮೇಸ್ತ್ರಿ, ಟೇಡಾ ಹಾಕ್ಬಿಟ್ಟಿದ್ದೀರಲ್ಲ. ಗೆರೆ ನೋಡಿ, ಹಾವಿನ ಥರ ಸೊಟ್ಟಗೆ ಹೋಗಿದೆ.”

ಬೇರೆ ಮೇಸ್ತ್ರಿಯಾಗಿದ್ದರೆ ಜಗಳ ಶುರುವಾಗುತ್ತಿತ್ತು. ಇವರು ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. “ಅಮ್ಮಾ, ಕನ್ನಡಕ ಹಾಕ್ಕೊಳಿ. ಬಲಗಣ್ಣು ಮುಚ್ಚಿ. ನಾಲ್ಕು ಟೈಲ್ಸ್ ಸೇರೋ ಜಾಗ ನೋಡಿ. ಈಗ?”

“ಈಗ್ಲೂ ಟೇಡಾ. ಮಧ್ಯ ಸ್ವಲ್ಪ ಹೊಗೆ ಥರ.”

ಉಮ್ಮೆ ಕುಲ್ಸುಂ ಅವರ ಬಲಗಣ್ಣಿಗೆ ಮೊದಲೇ ಪೊರೆ ಬಂದು ಎಲ್ಲ ಮಂಜು. ಉಳಿದಿರುವುದು ಈ ಎಡಗಣ್ಣು. ಕುರಾನ್ ಓದುವುದು ಇದರಲ್ಲೇ. ಮುನಿನಾರಾಯಣಪ್ಪ ಸಾಮಾನು ಕಟ್ಟತೊಡಗುತ್ತಾರೆ. “ಕಣ್ಣಾಸ್ಪತ್ರೆಗೆ ಹೋಗ್ಬನ್ನಿ. ಆಮೇಲೆ ಕೊನೇದು ಕೂರಿಸ್ತೀನಿ.”

“ಮೊಮ್ಮಗಳ ಶಾದಿ ಮುಗೀಲಿ ಬಿಡಿ, ಎರಡು ತಿಂಗಳು.”

“ಎರಡು ತಿಂಗಳು ಕಾಯೋ ಕಾಯಿಲೆ ಅಲ್ಲಮ್ಮಾ ಇದು. ನಾನು ಕಾದು ಕೆಟ್ಟಿದೀನಿ.”

ಮುನಿನಾರಾಯಣಪ್ಪನವರಿಗೆ ಅರವತ್ತಮೂರು. ಹುಟ್ಟಿದ್ದು ಹಲಸೂರು, ಈಗ ಮನೆ ಕಗ್ಗದಾಸಪುರ. ಮೂವತ್ತೆಂಟು ವರ್ಷದಿಂದ ನೆಲ ಹಾಕುತ್ತಿದ್ದಾರೆ. ನಾಲ್ಕು ವರ್ಷದ ಹಿಂದೆ ಕಲ್ಯಾಣ ನಗರದ ಮನೆಯೊಂದರಲ್ಲಿ ಹಾಕಿದ ಸಾಲು ಬಾಗಿದಂತೆ ಕಂಡಿತು. ಕಿತ್ತರು. ಮತ್ತೆ ಹಾಕಿದರು, ಮತ್ತೆ ಬಾಗಿತು, ಮತ್ತೆ ಕಿತ್ತರು. ಹನ್ನೊಂದು ಟೈಲ್ಸ್ ಒಡೆದವು. ಇಪ್ಪತ್ತೆರಡು ವರ್ಷದಿಂದ ಅವರ ಜೊತೆ ಸಿಮೆಂಟ್ ಕಲಸುವ ಮಾರಕ್ಕ ಆಗ ದಾರ ಹಿಡಿದು ನಿಂತರು.

“‘ನೆಲ ನೆಟ್ಟಗೈತೆ ಕಣಣ್ಣ, ನಿನ್ನ ಕಣ್ಣೇ ಸೊಟ್ಟ’ ಅಂದೆ. ಎರಡು ದಿನ ನನ್ ಹತ್ರ ಮಾತಾಡ್ಲಿಲ್ಲ ಈ ದೊಡ್ಮನುಷ್ಯ,” ಎಂದು ಮಾರಕ್ಕ ಈಗಲೂ ಕೆಣಕುತ್ತಾರೆ.

ಕನ್ನಡಕದಂಗಡಿಯವನು ಎರಡು ಸಲ ಗಾಜು ಬದಲಿಸಿದ. ಬೀದಿ ಕೊನೆಯ ಕಣ್ಣಿನ ಶಿಬಿರದಲ್ಲಿ ಟಾರ್ಚ್ ಬಿಟ್ಟು ನೋಡಿ, ಪೊರೆ, ಇನ್ನೂ ಬಲಿಯಲಿ ಎಂದು ಕಳಿಸಿದರು. ಆ ಶಿಬಿರದ ಫ್ಲೆಕ್ಸ್ ಮಾತ್ರ ಎರಡು ಆಳೆತ್ತರ ಇತ್ತು, ಅದರ ತುಂಬ ಕೈಮುಗಿದ ಮುಖಗಳು. ಒಬ್ಬರೂ ಒಂದೊಂದೇ ಕಣ್ಣು ಮುಚ್ಚಿಸಿ ಕೇಳಲಿಲ್ಲ. ಹತ್ತು ತಿಂಗಳು ಹಾಗೇ ಹೋಯಿತು. ಅದರ ಜೊತೆ ಬಲಗಣ್ಣಿನ ನಡುದೃಷ್ಟಿಯೂ ಹೋಯಿತು. ಈಗ ಆ ಕಣ್ಣಿಗೆ ಎದುರಿಗಿರುವವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ವಯಸ್ಸಾದಂತೆ ಕಣ್ಣಿನ ಒಳಪರದೆಯ ನಡುಭಾಗ ಸವೆಯುವ ಕಾಯಿಲೆ ಇದು. ಕೆಲವರಿಗೆ ಅಲ್ಲಿ ಬೇಡದ ರಕ್ತನಾಳ ಬೆಳೆದು ಸೋರುತ್ತದೆ, ನೆಟ್ಟಗಿನ ಗೆರೆ ಬಾಗಿ ಕಾಣುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ. ಒಂದು ಕಣ್ಣು ಕೆಡುತ್ತಿದ್ದರೂ ಚೆನ್ನಾಗಿರುವ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ಬೇಗ ಹೋದರೆ ಕಣ್ಣಿಗೇ ಕೊಡುವ ಇಂಜೆಕ್ಷನ್‌ನಿಂದ ಸೋರುವುದನ್ನು ತಡೆಯಬಹುದು. ತಡವಾಗಿ ಕಲೆಗಟ್ಟಿದರೆ ಹೋದದ್ದು ಮರಳುವುದು ಕಷ್ಟ.

ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು ಚೌಕುಳಿ ಗೆರೆಯ ಕಾರ್ಡ್ ಕೈಗಿತ್ತು, ದಿನಾ ನೋಡಿಕೊಳ್ಳಿ ಎಂದರು. “ಮೇಡಂ, ಇದು ನಾನ್ ದಿನಾ ಹಾಕೋ ನೆಲ ಅಲ್ವಾ ಅಂದೆ. ನಕ್ಬಿಟ್ರು.” ಅವತ್ತಿನಿಂದ ಪ್ರತಿ ಬೆಳಿಗ್ಗೆ ಬಲಗಣ್ಣು ಮುಚ್ಚಿ ಮನೆಯ ನೆಲ ನೋಡುತ್ತಾರೆ. ಕಳೆದ ವರ್ಷ ಎಡಗಣ್ಣಲ್ಲೂ ಒಂದು ಗೆರೆ ಬಾಗಿತು. ಮೂರನೇ ದಿನಕ್ಕೆ ಇಂಜೆಕ್ಷನ್ ಆಗಿತ್ತು. ಆ ಕಣ್ಣು ಉಳಿದಿದೆ. ನಲವತ್ತು ವರ್ಷ ಸೇದಿದ ಬೀಡಿಯನ್ನೂ ಬಿಟ್ಟಿದ್ದಾರೆ. ಹೊಗೆ ಈ ಕಾಯಿಲೆಯನ್ನು ಬೇಗ ಕರೆತರುತ್ತದೆ ಎಂದು ಡಾಕ್ಟರು ಹೇಳಿದ್ದರು.

ಮೊದಲು ದಿನಕ್ಕೆ ಇನ್ನೂರು ಚದರಡಿ ಹಾಕುತ್ತಿದ್ದವರು ಈಗ ನೂರಿಪ್ಪತ್ತಕ್ಕೆ ನಿಲ್ಲಿಸುತ್ತಾರೆ. ಕೆಲಸ ಮುಗಿದ ಮನೆಯಲ್ಲಿ ಐವತ್ತು ದಾಟಿದವರನ್ನೆಲ್ಲ ಹೊಸ ನೆಲದ ಮೇಲೆ ನಿಲ್ಲಿಸಿ ಒಂದೊಂದೇ ಕಣ್ಣು ಮುಚ್ಚಿಸುತ್ತಾರೆ. ಇದುವರೆಗೆ ಸುಮಾರು ಇನ್ನೂರು ಜನ. ಗೆರೆ ಬಾಗಿದ್ದು ಮೂವರಿಗೆ. ಇಬ್ಬರು ಆಸ್ಪತ್ರೆಗೆ ಹೋದರು, ಒಬ್ಬರು ನಾಳೆ ಎಂದು ಹೋಗಲೇ ಇಲ್ಲ.

“ಆವಯ್ಯ ಈಗ ಗೋಡೆ ಹಿಡ್ಕೊಂಡು ನಡೀತಾರೆ. ಕೆಲ್ಸ ಪೂರ್ತಿ ಮುಗಿಸ್ಕೊಟ್ಟಿದ್ದು ನನ್ ತಪ್ಪು. ಅದಕ್ಕೇ ಈಗ ಒಂದು ಟೈಲ್ಸ್ ಉಳಿಸ್ಕೋತೀನಿ.”

ಉಮ್ಮೆ ಕುಲ್ಸುಂ ನಾಲ್ಕನೆಯವರು. ಮೂರು ದಿನ ಟೈಲ್ಸ್ ಕೂರದ ಆ ಗುಂಡಿ ದಾಟಿಕೊಂಡೇ ಓಡಾಡಿದ ಅವರ ಮಗ ಶೌಕತ್ ಫೋನ್ ಮಾಡಿ ಕೂಗಾಡಿದರು. “ಒಂದ್ ಟೈಲ್ಸ್‌ಗೆ ಎಷ್ಟು ಸತಾಯಿಸ್ತೀರ್ರೀ?”

“ಅಮ್ಮನ್ನ ಕರ್ಕೊಂಡ್ ಹೋಗ್ಬನ್ನಿ. ಅರ್ಧ ಗಂಟೆ ಕೆಲ್ಸ.”

ನಾಲ್ಕನೇ ದಿನ ತಾಯಿ ಗುಂಡಿಗೆ ಎಡವಿ ಬೈದುಕೊಂಡರು. ಅವತ್ತೇ ಶೌಕತ್ ಅವರನ್ನು ಆಸ್ಪತ್ರೆಗೆ ಆಟೊ ಹತ್ತಿಸಿದರು. ಎಡಗಣ್ಣಲ್ಲಿ ಸೋರಿಕೆ ಶುರುವಾಗಿತ್ತು, ಇನ್ನೂ ಕಲೆಗಟ್ಟಿರಲಿಲ್ಲ. ಮೊದಲ ಇಂಜೆಕ್ಷನ್ ಆಗಿದೆ, ಇನ್ನೂ ಕೆಲವು ಬಾಕಿ.

ಒಂಬತ್ತನೇ ದಿನ ಮತ್ತೆ ಆರೂಕಾಲು. ಮಾರಕ್ಕ ಸಿಮೆಂಟ್ ಕಲಸುತ್ತಾರೆ, ಮುನಿನಾರಾಯಣಪ್ಪ ಟೈಲ್ಸ್ ಕೂರಿಸಿ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಉಮ್ಮೆ ಕುಲ್ಸುಂ, ಯಾರೂ ಹೇಳದಿದ್ದರೂ, ಬಲಗಣ್ಣಿಗೆ ಅಂಗೈ ಇಟ್ಟು ಬಾಗಿ ನೋಡುತ್ತಾರೆ.

“ಇನ್ನೂ ಸ್ವಲ್ಪ ಟೇಡಾನೇ ಇದೆ ಮೇಸ್ತ್ರಿ.”

ಮಾರಕ್ಕ ಸೆರಗು ಬಾಯಿಗಿಟ್ಟು ನಗುತ್ತಾರೆ. ಮುನಿನಾರಾಯಣಪ್ಪ ಕರಣೆ ತೊಳೆದು ಚೀಲಕ್ಕೆ ಹಾಕುತ್ತಾರೆ. “ಅನ್ನಲಿ ಬಿಡು ಮಾರಕ್ಕ. ಟೇಡಾ ಅನ್ನೋಕೂ ಕಣ್ಣು ಕಾಣ್ಬೇಕಲ್ಲ.”